ತಜ್ಞರ ಉತ್ತರ: ಎರಡನೇ ವರ್ಷ ಮುಗಿದ ಕೂಡಲೇ ಸ್ಟೆಪ್ 1 ಬರೆದುಬಿಡಲಾ?

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಮೆಡಿಕಲ್ ಕಾಲೇಜೊಂದರಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೇನೆ. ಊರು ತಿಪಟೂರಿನ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅಪ್ಪನಿಗೆ ಎರಡು ಎಕರೆ ತೆಂಗಿನ ತೋಟ ಇದೆ. ನಮ್ಮ ಬ್ಯಾಚಿನ ಏಳೆಂಟು ಜನ ಆಗಲೇ ಅಮೆರಿಕದಲ್ಲಿ ಡಾಕ್ಟರಾಗಲು ಬೇಕಾದ ಯುಎಸ್‌ಎಂಎಲ್‌ಇಗೆ ಓದುತ್ತಿದ್ದಾರೆ. ಒಬ್ಬ ಸೀನಿಯರ್, "ಅದರ ಸ್ಟೆಪ್ 1 ಈಗ ಬರೀ ಪಾಸು-ಫೇಲು. ಎರಡನೇ ವರ್ಷ ಮುಗಿದ ತಕ್ಷಣ ಬರೆದುಬಿಡು. ಆಮೇಲೆ ನೀಟ್ ಪಿಜಿಗೆ ಓದು, ಎರಡೂ ಕೈಯಲ್ಲಿರುತ್ತೆ" ಅನ್ನುತ್ತಾರೆ. ಇನ್ನೊಬ್ಬರು, "ನೆಕ್ಸ್ಟ್ ಅನ್ನೋ ಹೊಸ ಪರೀಕ್ಷೆ ಬಂದೇ ಬರುತ್ತೆ, ಕಾದು ನೋಡು" ಅನ್ನುತ್ತಾರೆ. ಕೋಚಿಂಗ್‌ನವರೊಬ್ಬರು ಮೂರು ವರ್ಷದ ಪ್ಯಾಕೇಜಿಗೆ ಮುಂಗಡ ಕೇಳುತ್ತಿದ್ದಾರೆ. ಅಪ್ಪ ಸಾಲ ಮಾಡೋಕೂ ತಯಾರಿದ್ದಾರೆ. ನಾನು ಆಗಲೇ ತಡ ಮಾಡಿಬಿಟ್ಟೆನಾ? ಒಂದು ಸಲ ಫೇಲಾದರೆ ಎಲ್ಲ ಮುಗಿದ ಹಾಗೇನಾ?

ಉತ್ತರ: ನೀವು ಕೇಳಿರುವುದು ಐದಾರು ವಿಷಯ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಭಯ. ಬೇರೆಯವರೆಲ್ಲ ಮುಂದೆ ಹೋಗಿಬಿಟ್ಟರು, ನಾನೊಬ್ಬಳೇ ಉಳಿದೆ ಅನ್ನುವ ಭಯ. ನಾನು ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುವವಳು. ಪ್ರತಿ ವರ್ಷ ಇದೇ ತಿಂಗಳುಗಳಲ್ಲಿ ನಾಲ್ಕೈದು ಮಕ್ಕಳು ಇದೇ ಮುಖ ಹೊತ್ತು ರೂಮಿನ ಬಾಗಿಲಲ್ಲಿ ನಿಲ್ಲುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನೀವು ತಡ ಮಾಡಿಲ್ಲ. ಎರಡನೇ ವರ್ಷ ಮುಗಿದ ಕೂಡಲೇ ಸ್ಟೆಪ್ 1 ಬರೆಯಬೇಡಿ. ಮುಂಗಡವನ್ನೂ ಕೊಡಬೇಡಿ. ಹೀಗಂದಾಕ್ಷಣ ಅಮೆರಿಕದ ದಾರಿ ಮುಚ್ಚುವುದಿಲ್ಲ. ನನ್ನ ಪ್ರಕಾರ ಆ ದಾರಿ ತೆರೆದಿರಬೇಕಾದರೆ ಹೀಗೇ ಮಾಡಬೇಕು.

ಮೊದಲು ಒಂದು ಗೊಂದಲ ಬಿಡಿಸೋಣ. ನೀಟ್ ಪಿಜಿ ಲೈಸೆನ್ಸ್ ಪರೀಕ್ಷೆ ಅಲ್ಲ. ಅದು ಎಂಡಿ, ಎಂಎಸ್ ಸೀಟಿಗೆ ಇರುವ ಸ್ಪರ್ಧೆ. ಇವತ್ತಿನ ನಿಯಮದಲ್ಲಿ ನೀವು ವಿಶ್ವವಿದ್ಯಾಲಯದ ಪರೀಕ್ಷೆಗಳನ್ನು ಪಾಸು ಮಾಡಿ, ಒಂದು ವರ್ಷ ಇಂಟರ್ನ್‌ಶಿಪ್ ಮುಗಿಸಿ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡರೆ ಡಾಕ್ಟರ್. ನೀಟ್ ಪಿಜಿಯಲ್ಲಿ ರ‍್ಯಾಂಕ್ ಬರಲಿಲ್ಲ ಅಂತ ನಿಮ್ಮ ನೋಂದಣಿಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದವರಿಗೆ ಮಾತ್ರ ಇಲ್ಲಿ ಎಫ್‌ಎಂಜಿಇ ಅನ್ನುವ ಪರೀಕ್ಷೆ ಇದೆ. 300 ಪ್ರಶ್ನೆ, ಪಾಸಾಗಲು 150 ಅಂಕ. ನಿಮಗೆ ಅದು ಬೇಕಿಲ್ಲ.

ಯುಎಸ್‌ಎಂಎಲ್‌ಇ ನಿಜವಾಗಿ ಲೈಸೆನ್ಸ್ ಪರೀಕ್ಷೆ. ಆದರೆ ಅದರ ಸ್ಟೆಪ್ 1 ಮತ್ತು ಸ್ಟೆಪ್ 2 ಸಿಕೆ ಪಾಸಾದರೂ ಅಮೆರಿಕದಲ್ಲಿ ಒಬ್ಬ ರೋಗಿಗೂ ಔಷಧಿ ಬರೆಯುವಂತಿಲ್ಲ. ಆ ಎರಡರ ಜೊತೆ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು, ಕ್ಲಿನಿಕಲ್ ಕೌಶಲ ತೋರಿಸುವ ಒಂದು 'ಪಾತ್‌ವೇ' ಮುಗಿಸಿ, ಎಂಬಿಬಿಎಸ್ ಸರ್ಟಿಫಿಕೇಟ್ ಕೊಟ್ಟ ಮೇಲೆ, ವಿದೇಶಿ ಪದವೀಧರರ ಅರ್ಹತೆ ನೋಡುವ ಇಸಿಎಫ್‌ಎಂಜಿ ಸಂಸ್ಥೆಯ ಪ್ರಮಾಣಪತ್ರ ಸಿಗುತ್ತದೆ. ಆಮೇಲೆ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ತರಬೇತಿ) ಸೀಟು, ಸ್ಟೆಪ್ 3, ಕೊನೆಗೆ ಆಯಾ ರಾಜ್ಯದ ಲೈಸೆನ್ಸ್. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ (ಎನ್‌ಎಂಸಿ) 2023ರಲ್ಲಿ ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ ಮಾನ್ಯತೆ ಹತ್ತು ವರ್ಷಕ್ಕೆ ಸಿಕ್ಕಿದೆ. ಅದಕ್ಕೇ ಭಾರತದ ಕಾಲೇಜಿನವರಿಗೆ ಆ ಕಡೆಯಿಂದ ತೊಂದರೆ ಇಲ್ಲ.

ಇನ್ನು ನೆಕ್ಸ್ಟ್. ಇದು 2019ರ ಎನ್‌ಎಂಸಿ ಕಾಯ್ದೆಯಲ್ಲೇ ಇದೆ. ಅಂತಿಮ ವರ್ಷದ ಪರೀಕ್ಷೆ, ಲೈಸೆನ್ಸ್, ಪಿಜಿ ಪ್ರವೇಶ ಮೂರಕ್ಕೂ ಒಂದೇ ಪರೀಕ್ಷೆ ಅನ್ನುವುದು ಅದರ ಯೋಚನೆ. 2023ರ ಜೂನ್‌ನಲ್ಲಿ ನಿಯಮಾವಳಿ ಬಂತು. ಜುಲೈ 28ಕ್ಕೆ ಮಾದರಿ ಪರೀಕ್ಷೆ ಅಂತ ದಿನವೂ ಗೊತ್ತಾಯಿತು. ಅದಕ್ಕೆ ಎರಡು ವಾರ ಇದೆ ಅನ್ನುವಾಗ ಎಲ್ಲವನ್ನೂ ಮುಂದೂಡಿದರು. ಆ ವರ್ಷದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ನೆಕ್ಸ್ಟ್ ಪುಸ್ತಕ ಅಂತಲೇ ಬೇರೆ ಸೆಟ್ ಕೊಂಡಿದ್ದರು. ಹಾಸ್ಟೆಲಿನಲ್ಲಿ ಅವು ಹಾಗೇ ಉಳಿದವು. ಬಂದಾಗ ಬರಲಿ. ಬಂದರೂ ಅದು ಕೇಳುವುದು ನೀವು ವಾರ್ಡಿನಲ್ಲಿ ಕಲಿಯುವುದನ್ನೇ. ಗೆಜೆಟ್‌ನಲ್ಲಿ ದಿನಾಂಕ ಬರುವವರೆಗೆ ಅದನ್ನು ನಂಬಿ ಒಂದು ದಿನದ ಓದನ್ನೂ ಬದಲಾಯಿಸಬೇಡಿ.

ಈಗ ನಿಮ್ಮ ಸೀನಿಯರ್ ಹೇಳಿದ ಮಾತಿಗೆ ಬರೋಣ. 2022ರ ಜನವರಿ 26ರಿಂದ ಸ್ಟೆಪ್ 1ಕ್ಕೆ ಅಂಕ ಕೊಡುತ್ತಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಇದು ನಿಜ. ಆದರೆ ಅದಕ್ಕೇ ಸುಲಭ ಅನ್ನುವುದು ತಪ್ಪು. 2023ರಲ್ಲಿ ಅಮೆರಿಕ, ಕೆನಡಾ ಹೊರಗಿನ ಕಾಲೇಜುಗಳಿಂದ ಮೊದಲ ಸಲ ಬರೆದವರಲ್ಲಿ ಪಾಸಾದವರು ಸುಮಾರು ಶೇ. 72. ಅಂದರೆ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಫೇಲಾದರು. ಇವರೆಲ್ಲ ಓದದೇ ಕೂತವರಲ್ಲ. ತುಂಬ ಜನ "ಪಾಸಾದರೆ ಸಾಕಲ್ವಾ" ಅಂತ ತಯಾರಾಗುವ ಮೊದಲೇ ದಿನಾಂಕ ತೆಗೆದುಕೊಂಡವರು ಅಂತ ನನ್ನ ಅನಿಸಿಕೆ. ನಿಯಮದ ಪ್ರಕಾರ ಎರಡು ವರ್ಷದ ಬೇಸಿಕ್ ಸೈನ್ಸ್ ಮುಗಿದರೆ ಬರೆಯಬಹುದು. ಆದರೆ ಪೆಥಾಲಜಿ, ಫಾರ್ಮಕಾಲಜಿ ಪರೀಕ್ಷೆ ಬರೆದ ಮರುತಿಂಗಳು ಅವು ತಲೆಯಲ್ಲಿರುತ್ತವೆ, ಇನ್ನೂ ಕೈಗೆ ಬಂದಿರುವುದಿಲ್ಲ. ಅದಕ್ಕೆ ವಾರ್ಡು ಬೇಕು.

ಒಂದು ಉದಾಹರಣೆ ಕೊಡುತ್ತೇನೆ. 62 ವರ್ಷದ ಗಂಡಸು, ಎರಡು ಗಂಟೆಯಿಂದ ಎದೆನೋವು. ಇಸಿಜಿಯಲ್ಲಿ 2, 3, ಎವಿಎಫ್ ಲೀಡುಗಳಲ್ಲಿ ಎಸ್‌ಟಿ ಮೇಲೆದ್ದಿದೆ, ಅಂದರೆ ಹೃದಯಾಘಾತ. ನೀಟ್ ಪಿಜಿ ಮಾದರಿಯಲ್ಲಿ "ಯಾವ ರಕ್ತನಾಳ ಕಟ್ಟಿದೆ?" ಅಂತ ಕೇಳಬಹುದು. ರೈಟ್ ಕೊರೊನರಿ ಅಂತ ನೆನಪಿದ್ದರೆ ಮುಂದಿನ ಪ್ರಶ್ನೆಗೆ ಹೋಗಬಹುದು. ಯುಎಸ್‌ಎಂಎಲ್‌ಇ ಮಾದರಿಯಲ್ಲಿ ಅದೇ ರೋಗಿಗೆ ನಾಲಿಗೆ ಕೆಳಗೆ ನೈಟ್ರೋಗ್ಲಿಸರಿನ್ ಇಡುತ್ತಾರೆ. ಐದು ನಿಮಿಷಕ್ಕೆ ಬಿಪಿ 80ಕ್ಕೆ ಇಳಿಯುತ್ತದೆ. ಕತ್ತಿನ ರಕ್ತನಾಳ ಉಬ್ಬಿದೆ, ಶ್ವಾಸಕೋಶ ಚೊಕ್ಕವಾಗಿದೆ. ಬಿಪಿ ಯಾಕೆ ಇಳಿಯಿತು ಅಂತ ಪ್ರಶ್ನೆ. ಹೃದಯದ ಬಲಗಡೆಯ ಕೆಳಕೋಣೆಗೂ ಪೆಟ್ಟು ಬಿದ್ದಿದೆ. ಅದು ಈಗ ಒಳಗೆ ಬರುವ ರಕ್ತದ ಭರ್ತಿಯನ್ನೇ ನಂಬಿ ಕೆಲಸ ಮಾಡುತ್ತಿದೆ. ನೈಟ್ರೇಟ್ ಕೊಟ್ಟು ನಾವು ಆ ಭರ್ತಿಯನ್ನೇ ತಗ್ಗಿಸಿಬಿಟ್ಟೆವು. ಇಲ್ಲಿ ಅನಾಟಮಿ, ಫಿಸಿಯಾಲಜಿ, ಫಾರ್ಮಕಾಲಜಿ ಮೂರೂ ಒಂದೇ ಗೆರೆಯಲ್ಲಿ ಬರಬೇಕು. ನೀಟ್ ಪಿಜಿಯಲ್ಲೂ ಈಗೀಗ ಇಂಥ ಪ್ರಶ್ನೆ ಬರುತ್ತಿವೆ ಅನ್ನಿ. ಆದರೂ ಅಲ್ಲಿ 200 ಪ್ರಶ್ನೆಗೆ ಮೂರೂವರೆ ಗಂಟೆ, ತಪ್ಪಿಗೆ ಒಂದು ಅಂಕ ಕಡಿತ. ಇಎನ್‌ಟಿ, ಕಣ್ಣು, ಫೊರೆನ್ಸಿಕ್ ಎಲ್ಲ ಸೇರಿ ಹತ್ತೊಂಬತ್ತು ವಿಷಯ. ಸ್ಟೆಪ್ 1 ಆಳ ಕೇಳಿದರೆ ನೀಟ್ ಪಿಜಿ ಅಗಲ ಕೇಳುತ್ತದೆ.

ಹಾಗಾದರೆ ಎರಡಕ್ಕೂ ಒಟ್ಟಿಗೆ ಓದಬಹುದಾ? ಈಗ ಓದಬಹುದು, ಕೊನೆಗೆ ಆಗುವುದಿಲ್ಲ. ಫಿಸಿಯಾಲಜಿ, ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಯಾವ ದೇಶದ ಪರೀಕ್ಷೆಗಾದರೂ ಒಂದೇ. ದಾರಿ ಕವಲೊಡೆಯುವುದು ಮೂರನೇ ವರ್ಷದ ಕೊನೆಗೆ. ಆ ಕವಲಿನವರೆಗೆ ನೀವು ನಡೆಯುವ ಒಂದು ಹೆಜ್ಜೆಯೂ ದಂಡವಲ್ಲ. ಕವಲು ದಾಟಿದ ಮೇಲೆ ಎರಡು ಕಡೆ ಕಾಲಿಟ್ಟವರು ಎರಡೂ ಕಡೆ ಅರ್ಧಕ್ಕೆ ನಿಂತಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ಮಕ್ಕಳ ಬುದ್ಧಿಗೆ ಏನೂ ಕಮ್ಮಿ ಇರಲಿಲ್ಲ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ.

"ಬರೆದಿಟ್ಟರೆ ಕೈಯಲ್ಲಿರುತ್ತೆ" ಅನ್ನುವ ಮಾತಿನಲ್ಲಿ ಇನ್ನೊಂದು ಅಪಾಯ ಇದೆ. ಇದನ್ನು ಯಾರೂ ಹೇಳಿರುವುದಿಲ್ಲ. ಇಸಿಎಫ್‌ಎಂಜಿ ಪ್ರಮಾಣಪತ್ರಕ್ಕೆ ಬೇಕಾದ ಪರೀಕ್ಷೆಗಳನ್ನು ಏಳು ವರ್ಷದೊಳಗೆ ಪಾಸು ಮಾಡಿ ಮುಗಿಸಬೇಕು. ನೀವು ಮೂರನೇ ವರ್ಷದಲ್ಲಿ ಸ್ಟೆಪ್ 1 ಪಾಸು ಮಾಡಿದಿರಿ ಅನ್ನಿ. ಆಮೇಲೆ ಮನಸ್ಸು ಬದಲಾಗಿ ಇಲ್ಲೇ ನೀಟ್ ಪಿಜಿ ಬರೆದಿರಿ. ಮೊದಲ ಸಲ ಬೇಕಾದ ಬ್ರಾಂಚ್ ಸಿಗಲಿಲ್ಲ, ಒಂದು ವರ್ಷ ಹೋಯಿತು. ಆಮೇಲೆ ಎಂಡಿ ಮೂರು ವರ್ಷ. ಆಗ ಸ್ಟೆಪ್ 2ಕ್ಕೆ ಹೊರಟರೆ ಏಳು ವರ್ಷ ದಾಟಿರುತ್ತದೆ. ಪಾಸಾದ ಸ್ಟೆಪ್ ಅನ್ನು ಅಂಕ ಸುಧಾರಿಸಲು ಮತ್ತೆ ಬರೆಯುವಂತೆಯೂ ಇಲ್ಲ. ಅವಧಿ ಮುಗಿದಾಗ ಮತ್ತೆ ಬರೆಯಲು ಬೇರೆ ನಿಯಮಗಳಿವೆ, ಅದು ತಲೆನೋವಿನ ಕೆಲಸ. ಎರಡೂ ಸ್ಟೆಪ್ ಮುಗಿಸಿ ಪ್ರಮಾಣಪತ್ರ ಪಡೆದವರಿಗೆ ಈ ಚಿಂತೆ ಇಲ್ಲ. ಅರ್ಧ ಬರೆದು ಇಟ್ಟವರಿಗೇ ಇರುವುದು. ಅದಕ್ಕೇ ನಾನು ಹೇಳುವುದು, ಸ್ಟೆಪ್ 1 ಬರೆಯುವ ದಿನ ಸ್ಟೆಪ್ 2 ಯಾವಾಗ ಅನ್ನುವುದೂ ಗೊತ್ತಿರಬೇಕು.

ಅಮೆರಿಕದ ದಾರಿಯಲ್ಲಿ ಪರೀಕ್ಷೆಗಿಂತ ಕಷ್ಟದ್ದು ಪರೀಕ್ಷೆ ಆದ ಮೇಲೆ ಇದೆ. ರೆಸಿಡೆನ್ಸಿ ಅರ್ಜಿ ಸೆಪ್ಟೆಂಬರ್‌ನಲ್ಲಿ, ಮ್ಯಾಚ್ (ಅಭ್ಯರ್ಥಿಗೂ ಆಸ್ಪತ್ರೆಗೂ ಜೋಡಿ ಹಾಕಿ ಸೀಟು ಹಂಚುವ ವ್ಯವಸ್ಥೆ) ಫಲಿತಾಂಶ ಮಾರ್ಚ್‌ನಲ್ಲಿ, ಕೆಲಸ ಶುರು ಜುಲೈಯಲ್ಲಿ. ನಿಮ್ಮ ಇಂಟರ್ನ್‌ಶಿಪ್ ಏಪ್ರಿಲ್‌ನಲ್ಲಿ ಮುಗಿದರೂ ಕೆಲಸಕ್ಕೆ ಸೇರುವುದು ಸಾಮಾನ್ಯವಾಗಿ ಮುಂದಿನ ವರ್ಷದ ಜುಲೈ. ಆ ಹದಿನೈದು ತಿಂಗಳು ಸಂಬಳ ಇಲ್ಲದೆ, ಅಥವಾ ಇಲ್ಲಿ ಡ್ಯೂಟಿ ಡಾಕ್ಟರ್ ಆಗಿ ದುಡಿಯುತ್ತ ಕಳೆಯಬೇಕು. 2024ರ ಮ್ಯಾಚ್‌ನಲ್ಲಿ ಅಮೆರಿಕದ ಪೌರತ್ವ ಇಲ್ಲದ ವಿದೇಶಿ ಪದವೀಧರರಲ್ಲಿ ಸೀಟು ಸಿಕ್ಕಿದ್ದು ಶೇ. 58.5 ಜನರಿಗೆ. ಎರಡೂ ಸ್ಟೆಪ್ ಪಾಸಾಗಿ ಬಂದವರಲ್ಲೇ ಹತ್ತರಲ್ಲಿ ನಾಲ್ವರು ಬರಿಗೈಲಿ ಉಳಿದರು. ಸ್ಟೆಪ್ 1ರಲ್ಲಿ ಅಂಕ ಇಲ್ಲದ ಮೇಲೆ ಎಲ್ಲರ ಕಣ್ಣೂ ಸ್ಟೆಪ್ 2ರ ಅಂಕದ ಮೇಲೆ. ಜೊತೆಗೆ ಅಲ್ಲಿನ ಆಸ್ಪತ್ರೆಯಲ್ಲಿ ಒಂದೆರಡು ತಿಂಗಳು ಕೆಲಸ ನೋಡಿದ ಅನುಭವ, ಅಲ್ಲಿನ ಡಾಕ್ಟರುಗಳ ಶಿಫಾರಸು ಪತ್ರ ಬೇಕು. ವಿದ್ಯಾರ್ಥಿಯಾಗಿದ್ದಾಗಲೇ ಅಲ್ಲಿ ಎಲೆಕ್ಟಿವ್ (ಸ್ವಲ್ಪ ಕಾಲದ ಐಚ್ಛಿಕ ತರಬೇತಿ) ಮಾಡಿದರೆ ರೋಗಿಯನ್ನು ಮುಟ್ಟಿ ಪರೀಕ್ಷೆ ಮಾಡಬಹುದು. ಪದವಿ ಆದ ಮೇಲೆ ಸಿಗುವ ಅಬ್ಸರ್ವರ್‌ಶಿಪ್‌ನಲ್ಲಿ ಸಾಮಾನ್ಯವಾಗಿ ನಿಂತು ನೋಡುವುದಷ್ಟೇ.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಒಂದೊಂದು ಸ್ಟೆಪ್‌ಗೂ ಸಾವಿರ ಡಾಲರ್‌ಗಿಂತ ಜಾಸ್ತಿ. ಸ್ಟೆಪ್ 1, 2 ಎರಡನ್ನೂ ಬೆಂಗಳೂರಿನಲ್ಲೇ ಬರೆಯಬಹುದು. ಮೊದಲು ಸ್ಟೆಪ್ 2 ಸಿಎಸ್ ಅಂತ ಒಂದು ಪರೀಕ್ಷೆಗೆ ಅಮೆರಿಕಕ್ಕೇ ಹೋಗಬೇಕಿತ್ತು, 2021ರಲ್ಲಿ ಅದನ್ನು ತೆಗೆದರು. ಒಇಟಿ, ಇಸಿಎಫ್‌ಎಂಜಿ ಶುಲ್ಕ, ನೂರಾರು ಪ್ರೋಗ್ರಾಮ್‌ಗಳಿಗೆ ಅರ್ಜಿ, ಎರಡು ತಿಂಗಳು ಅಲ್ಲಿ ಉಳಿಯುವ ಖರ್ಚು ಎಲ್ಲ ಸೇರಿ ಹತ್ತರಿಂದ ಹದಿನೈದು ಲಕ್ಷ ಆಯಿತು ಅಂತ ನನ್ನ ಹಳೆಯ ವಿದ್ಯಾರ್ಥಿಗಳು ಲೆಕ್ಕ ಕೊಟ್ಟಿದ್ದಾರೆ. ರೆಸಿಡೆನ್ಸಿಯಲ್ಲಿ ಒಳ್ಳೆಯ ಸಂಬಳ ಬರುತ್ತದೆ, ಸಾಲ ತೀರುತ್ತದೆ. ಆದರೆ ಮ್ಯಾಚ್ ಆದವರಿಗೆ. ವೀಸಾ ಕೂಡ ಲೆಕ್ಕಕ್ಕೆ ಬರಬೇಕು. ಹೆಚ್ಚಿನವರು ಹೋಗುವುದು ತರಬೇತಿಗೆ ಕೊಡುವ ಜೆ-1 ವೀಸಾದಲ್ಲಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ಭಾರತಕ್ಕೆ ಮರಳಬೇಕು, ಇಲ್ಲವೇ ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ ಕೆಲಸ ಮಾಡಿ ವಿನಾಯಿತಿ ಪಡೆಯಬೇಕು. ಎಚ್-1ಬಿ ಅನ್ನುವ ಕೆಲಸದ ವೀಸಾ ಬೇಕಾದರೆ ಸ್ಟೆಪ್ 3 ಮೊದಲೇ ಪಾಸಾಗಿರಬೇಕು. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅನ್ನುವ ಆದೇಶ ಬೇರೆ ಬಂತು. ಇವು ಬದಲಾಗುತ್ತಲೇ ಇರುತ್ತವೆ. ನೀವು ಹೋಗುವ ಹೊತ್ತಿಗೆ ಏನಿರುತ್ತದೋ ಅದನ್ನು ಆಗ ನೋಡಬೇಕು.

ಇಲ್ಲೇ ಉಳಿಯುವ ದಾರಿಯೂ ನಯವಾದದ್ದಲ್ಲ. 2024ರ ನೀಟ್ ಪಿಜಿ ಜೂನ್ 23ಕ್ಕೆ ಇತ್ತು. ಹಿಂದಿನ ರಾತ್ರಿ ಮುಂದೂಡಿದರು. ಆ ರಾತ್ರಿ ಒಬ್ಬ ಹುಡುಗ ಪರೀಕ್ಷೆ ಊರಿನ ಲಾಡ್ಜಿನಿಂದ ನನಗೆ ಫೋನ್ ಮಾಡಿದ. ಐದು ನಿಮಿಷ ಏನೂ ಮಾತಾಡಲಿಲ್ಲ, ಸುಮ್ನೆ ಉಸಿರಾಡುತ್ತಿದ್ದ. ಪರೀಕ್ಷೆ ನಡೆದದ್ದು ಆಗಸ್ಟ್ 11ಕ್ಕೆ. ಮರುವರ್ಷವೂ ಜೂನ್‌ನದ್ದು ಆಗಸ್ಟ್‌ಗೆ ಹೋಯಿತು. ಆದರೂ ಮನೆಯ ಮೇಲೆ ಸಾಲ ಬೇಡ, ಅಪ್ಪ ಅಮ್ಮನ ಹತ್ತಿರ ಇರಬೇಕು ಅನ್ನುವವರಿಗೆ ಇದೇ ಸರಿಯಾದ ದಾರಿ. ಸರ್ಕಾರಿ ಸೀಟು ಸಿಕ್ಕರೆ ಸ್ಟೈಪೆಂಡ್‌ನಲ್ಲೇ ಓದು ಮುಗಿಯುತ್ತದೆ. ಇಂಗ್ಲೆಂಡಿನಲ್ಲಿ ಡಾಕ್ಟರಾಗಲು ಬರೆಯುವ ಪ್ಲ್ಯಾಬ್ ಪರೀಕ್ಷೆ ಬಗ್ಗೆಯೂ ಕೇಳಿರುತ್ತೀರಿ. ಪಾಸಾಗುವುದು ಯುಎಸ್‌ಎಂಎಲ್‌ಇಗಿಂತ ಸುಲಭ, ಖರ್ಚೂ ಕಮ್ಮಿ. ಆದರೆ ಪಾಸಾದ ಮೇಲೆ ಮೊದಲ ಕೆಲಸ ಸಿಗುವುದೇ ಈಗ ಕಷ್ಟ. ಅದನ್ನು ಎರಡನೇ ಆಯ್ಕೆ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ.

ಈಗ ನೀವು ಮಾಡಬೇಕಾದದ್ದು. ಈ ವರ್ಷದ ಪೆಥಾಲಜಿ ಮತ್ತು ಫಾರ್ಮಕಾಲಜಿಯನ್ನು ಯಾವ ಪರೀಕ್ಷೆಯ ಹೆಸರೂ ಹೇಳದೆ ಚೆನ್ನಾಗಿ ಓದಿ. ಒಂದು ಅಧ್ಯಾಯ ಮುಗಿದ ದಿನವೇ ಅದರ ಮೇಲೆ ಇಪ್ಪತ್ತು ಪ್ರಶ್ನೆ ಬಿಡಿಸಿ. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ. ಅದರಲ್ಲಿ ತಪ್ಪಾದದ್ದು ಮಾತ್ರ ಬರೆಯಿರಿ. ಸರಿ ಉತ್ತರ ಏನು ಅನ್ನುವುದಕ್ಕಿಂತ, ನಾನು ಯಾಕೆ ತಪ್ಪಿದೆ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ನನ್ನ ಒಬ್ಬ ವಿದ್ಯಾರ್ಥಿನಿಯ ನೋಟ್‌ಬುಕ್ ನೋಡಿದ್ದೆ. "ಪೊಟ್ಯಾಸಿಯಂ ನೋಡಲಿಲ್ಲ", "ವಯಸ್ಸು ಓದಲಿಲ್ಲ", "ಪೊಟ್ಯಾಸಿಯಂ ಮತ್ತೆ ನೋಡಲಿಲ್ಲ" ಅಂತ ಪೆನ್ಸಿಲಿನಲ್ಲಿ ಪುಟಗಟ್ಟಲೆ ಇತ್ತು. ಮೂರು ತಿಂಗಳಲ್ಲಿ ಅವಳ ಕಣ್ಣು ತಾನಾಗೇ ಮೊದಲು ಲ್ಯಾಬ್ ರಿಪೋರ್ಟಿನ ಕಡೆ ಹೋಗುವುದಕ್ಕೆ ಶುರುವಾಯಿತು.

ಮೂರನೇ ವರ್ಷದ ಕೊನೆಗೆ ಮನೆಯಲ್ಲಿ ಕೂತು ನಿರ್ಧಾರ ಮಾಡಿ. ಎಲ್ಲಿ ಬದುಕಬೇಕು, ಯಾವ ಬ್ರಾಂಚ್, ಎಷ್ಟು ದುಡ್ಡು, ಒಂದು ವರ್ಷ ಸಂಬಳ ಇಲ್ಲದೆ ಇರಬಹುದಾ ಅನ್ನುವ ನಾಲ್ಕು ಮಾತು ಸಾಕು. ಅಮೆರಿಕ ಅಂತಾದರೆ ಆಗ ಆರೇಳು ತಿಂಗಳು ಸ್ಟೆಪ್ 1ಕ್ಕೆ ಕೊಡಿ. ಅರ್ಜಿ ಹಾಕುವಾಗ ಮೂರು ತಿಂಗಳ ಅವಧಿ ಆರಿಸಬೇಕಾಗುತ್ತದೆ. ಅದು ಕಾಲೇಜಿನ ಪರೀಕ್ಷೆ, ದೊಡ್ಡ ಪೋಸ್ಟಿಂಗ್‌ಗಳಿಗೆ ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳಿ. ದಿನಾಂಕ ಗಟ್ಟಿ ಮಾಡುವ ಮುಂಚೆ ಈ ಪರೀಕ್ಷೆ ತಯಾರಿಸುವ ಎನ್‌ಬಿಎಂಇ ಸಂಸ್ಥೆಯ ಮಾದರಿ ಪರೀಕ್ಷೆ ಕನಿಷ್ಠ ಎರಡನ್ನು ಸಮಯ ಇಟ್ಟುಕೊಂಡು ಬರೆಯಿರಿ. ಎರಡರಲ್ಲೂ ಪಾಸಿನ ಗೆರೆಗಿಂತ ಸಾಕಷ್ಟು ಮೇಲಿದ್ದರೆ ಮಾತ್ರ ಹೊರಡಿ. ಗೆರೆಯ ಹತ್ತಿರ ಇದ್ದರೆ ಮುಂದೂಡಿ. ಮುಂದೂಡಿದ್ದು ಎಲ್ಲೂ ದಾಖಲಾಗುವುದಿಲ್ಲ, ಫೇಲಾದದ್ದು ಆಗುತ್ತದೆ.

ಫೇಲಾದರೆ ಎಲ್ಲ ಮುಗೀತಾ ಅಂತ ಕೇಳಿದಿರಿ. ಮುಗಿಯುವುದಿಲ್ಲ. ಒಂದು ಸ್ಟೆಪ್‌ಗೆ ನಾಲ್ಕು ಅವಕಾಶ ಇದೆ. ಆದರೆ ಆ ಫೇಲು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತದೆ, ಎಷ್ಟೋ ಪ್ರೋಗ್ರಾಮ್‌ಗಳು ಅಂಥ ಅರ್ಜಿಯನ್ನು ಪಕ್ಕಕ್ಕಿಡುತ್ತವೆ. ನನಗೆ ಗೊತ್ತಿರುವ ಒಬ್ಬಳು ಸರ್ಜರಿ ಪೋಸ್ಟಿಂಗ್ ಮಧ್ಯೆ, ಎರಡು ರಾತ್ರಿ ನಿದ್ದೆಗೆಟ್ಟು, ಹೋಗಿ ಬರೆದು ಫೇಲಾದಳು. ಎಂಟು ತಿಂಗಳು ಬಿಟ್ಟು ಮತ್ತೆ ಬರೆದು ಪಾಸಾದಳು. ಸ್ಟೆಪ್ 2ರಲ್ಲಿ ಒಳ್ಳೆಯ ಅಂಕ ತೆಗೆದಳು. ಆದರೂ ಮೊದಲ ವರ್ಷ ಮ್ಯಾಚ್ ಆಗಲಿಲ್ಲ, ಎರಡನೇ ವರ್ಷ ಇಂಟರ್ನಲ್ ಮೆಡಿಸಿನ್ ಸಿಕ್ಕಿತು. ಅವಳು ಈಗ ಹೇಳುವುದು ಒಂದೇ, ಆ ತಿಂಗಳು ಬರೆಯಬಾರದಿತ್ತು ಅಂತ.

ಕನ್ನಡ ಮಾಧ್ಯಮದ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಅದು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ನನಗೆ ಅನ್ನಿಸಿತು. ಉದ್ದುದ್ದ ಪ್ರಶ್ನೆ ಓದುವ ವೇಗ ನಿಮಗೆ ಮೊದಲು ಕಮ್ಮಿ ಇರುತ್ತದೆ, ನಿಜ. ದಿನಾ ಓದಿದರೆ ಆರು ತಿಂಗಳಲ್ಲಿ ಬರುತ್ತದೆ. ಕೊನೆಯ ಸಾಲು ಮೊದಲು ಓದಿ, ಆಮೇಲೆ ಕಥೆ ಓದಿ. ಇನ್ನೊಂದು ವಿಷಯ. ನನ್ನ ವಾರ್ಡಿನಲ್ಲಿ ಒಬ್ಬ ಅಜ್ಜಿ "ಮಲಗಿದ್ರೆ ಉಬ್ಬಸ ಕಣವ್ವ, ಎದ್ದು ಕೂತ್ರೆ ಹಾಯ್ ಅನ್ಸುತ್ತೆ" ಅಂದರು. ಸಿಟಿಯಲ್ಲಿ ಓದಿದ ಹುಡುಗ ಕೇಸ್ ಶೀಟಿನಲ್ಲಿ ಆಸ್ತಮಾ ಅಂತ ಬರೆದ. ಪಾವಗಡದ ಹುಡುಗಿ ತಕ್ಷಣ ಅಜ್ಜಿಯ ಕಾಲಿನ ಊತ ಒತ್ತಿ ನೋಡಿದಳು. ಹೃದಯ ಸೋತಿದೆ ಅಂತ ಅವಳಿಗೆ ಆ ಮಾತಿನಲ್ಲೇ ಗೊತ್ತಾಗಿತ್ತು. ಸ್ಟೆಪ್ 2ರ ಪ್ರಶ್ನೆಗಳೆಲ್ಲ ಇಂಥ ಅಜ್ಜಿಯರ ಕಥೆಗಳೇ, ಇಂಗ್ಲಿಷಿನಲ್ಲಿ ಇರುತ್ತವೆ ಅಷ್ಟೇ.

ಕೋಚಿಂಗ್ ಮುಂಗಡದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಯಾವ ಪರೀಕ್ಷೆ ಅಂತಲೇ ಗೊತ್ತಿಲ್ಲದಾಗ ಮೂರು ವರ್ಷಕ್ಕೆ ಯಾರಿಗೂ ದುಡ್ಡು ಕಟ್ಟಬಾರದು. ಯುಎಸ್‌ಎಂಎಲ್‌ಇಗೆ ಬೇಕಾಗುವುದು ಒಂದು ಒಳ್ಳೆಯ ಪ್ರಶ್ನೆ ಬ್ಯಾಂಕ್, ಕೊನೆಯ ತಿಂಗಳುಗಳಿಗೆ. ಮ್ಯಾಚ್ ಗ್ಯಾರಂಟಿ ಅನ್ನುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಪ್ಪನಿಗೆ ಈಗ ಸಾಲ ಬೇಡ ಅಂತ ಹೇಳಿ, ಬೇಕಾದರೆ ಈ ಉತ್ತರ ಅವರಿಗೇ ಓದಿಸಿ.

ಒಂದು ಕೆಲಸ ಮಾತ್ರ ಈಗಲೇ ಮಾಡಿ. ನಮ್ಮ ಕಡೆಯ ಹೆಸರುಗಳಲ್ಲಿ ಸರ್‌ನೇಮ್ ಇರುವುದಿಲ್ಲ, ಇನಿಶಿಯಲ್ ಇರುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ 'ಎನ್. ಆರ್.', ಆಧಾರ್‌ನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಊರ ಹೆಸರೂ ಅಪ್ಪನ ಹೆಸರೂ ಬಿಡಿಸಿ ಬರೆದಿರುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಪರ್ಮಿಟ್‌ನಲ್ಲಿರುವ ಹೆಸರಿಗೂ ಪಾಸ್‌ಪೋರ್ಟಿಗೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ. ಎಂಬಿಬಿಎಸ್ ಸರ್ಟಿಫಿಕೇಟಿನ ಹೆಸರು ಬೇರೆ ಇದ್ದರೆ ಅಫಿಡವಿಟ್ಟು, ಪತ್ರ ಅಂತ ತಿಂಗಳುಗಟ್ಟಲೆ ಅಲೆಯಬೇಕು. ಈ ರಜೆಗೆ ಊರಿಗೆ ಹೋದಾಗ ಎಲ್ಲ ಕಾಗದ ಹಾಸಿಗೆಯ ಮೇಲೆ ಹರಡಿ, ಒಂದೊಂದರಲ್ಲೂ ನಿಮ್ಮ ಹೆಸರು ಹೇಗಿದೆ ನೋಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಮಾರ್ಕ್ಸ್ ಕಾರ್ಡಿಗೆ ಹೊಂದುವ ಹಾಗೆ ಮಾಡಿಸಿ. ಆಗಲೇ ಇದ್ದು, ಹೆಸರು ಬೇರೆಯಾಗಿದ್ದರೆ, ಕಾಲೇಜಿನ ಕಚೇರಿಯಲ್ಲಿ ವಿಶ್ವವಿದ್ಯಾಲಯದ ದಾಖಲೆ ಹೇಗಿದೆ ಅಂತ ಕೇಳಿಕೊಂಡು ನನಗೆ ಮತ್ತೆ ಬರೆಯಿರಿ. ಯಾವುದನ್ನು ಯಾವುದಕ್ಕೆ ಸರಿಹೊಂದಿಸಬೇಕು ಅಂತ ಆಗ ನೋಡೋಣ.